ಮಾವನವರ ಹುಂಜ ಮತ್ತು ನನ್ನ ಗಂಬೋ

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನಿಗೆ ಒಂದು ಕೋಳಿ ಬೇಯಿಸುವುದು ಕಷ್ಟವೇ? ನೀವೇ ಹೇಳಿ. ಕೈಯಾರೆ ಆಮ್ಲಜನಕ ತಯಾರಿಸಿದವನು ನಾನು. ಗಂಧಕಾಮ್ಲವನ್ನು ಒಂದು ಹನಿಯೂ ಚೆಲ್ಲದಂತೆ ಬಗ್ಗಿಸಿದವನು. ಅಡುಗೆ ಎಂದರೆ ಏನು? ಅಳತೆ, ಶಾಖ, ಸಮಯ. ಈ ಮೂರು ಗೊತ್ತಿದ್ದವನು ಒಲೆಗೆ ಯಾಕೆ ಹೆದರಬೇಕು?

ಯುಗಾದಿಗೆ ನಾಲ್ಕು ದಿನ ಮುಂಚೆ ನನ್ನ ಹೆಂಡತಿ ಮಂಜುಳೆಗೆ ಈ ಮಾತನ್ನು ಇದೇ ಕ್ರಮದಲ್ಲಿ ಹೇಳಿದೆ. ಅವಳು ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಗೋಡೆ ನೋಡಿದಳು. ಹಬ್ಬದ ಧೂಳು ಹೊಡೆಯಲು ಸ್ಟೂಲಿನ ಮೇಲೆ ಹತ್ತಿ, ಜಾರಿ ಬಿದ್ದು, ಮಣಿಕಟ್ಟು ಮುರಿದುಕೊಂಡಿದ್ದಳು. ಸ್ಟೂಲನ್ನು ಅಲುಗಾಡದಂತೆ ಹಿಡಿದುಕೊಂಡಿದ್ದವನು ನಾನೇ!

ಕೈ ಮುರಿದಿದ್ದಕ್ಕಿಂತ ಅವಳಿಗಿದ್ದ ದೊಡ್ಡ ಚಿಂತೆ ಬೇರೆ. ಅದನ್ನು ಹೇಳದಿದ್ದರೆ ಪ್ರಸ್ತುತ ಪ್ರಕರಣದ ಗಾಂಭೀರ್ಯ ನಿಮಗೆ ಅರ್ಥವಾಗುವುದಿಲ್ಲ.

ನಮ್ಮದು ಶಿಡ್ಲಘಟ್ಟ. ಮಂಜುಳೆಯ ತವರು ದಿಬ್ಬೂರಹಳ್ಳಿ. ಅವಳ ತಂದೆ ಪಿಳ್ಳೇಗೌಡರು ನಲವತ್ತು ವರ್ಷದಿಂದ ರೇಷ್ಮೆಹುಳು ಸಾಕುತ್ತಿರುವವರು, ಊರಿಗೆ ಹಿರಿಯರು, ಮಾತಿಗಿಂತ ಮೌನ ಜಾಸ್ತಿ. ಮೂರು ವರ್ಷದ ಹಿಂದೆ ನಮ್ಮ ಗೃಹಪ್ರವೇಶದ ದಿನ ಪಂಕ್ತಿ ನೋಡಿಕೊಳ್ಳುವ ಜವಾಬ್ದಾರಿ ನನ್ನದಾಗಿತ್ತು. ಮೊದಲನೇ ಪಂಕ್ತಿಯಲ್ಲಿ ಹೆಡ್‌ಮಾಸ್ಟರನ್ನು ಕೂರಿಸಿದೆ. ಎರಡನೆಯದರಲ್ಲಿ ಸ್ಕೂಲಿನ ಉಳಿದ ಸಿಬ್ಬಂದಿಯನ್ನು ಕೂರಿಸಿದೆ. ಹೆಣ್ಣು ಕೊಟ್ಟ ಮಾವನವರನ್ನು ಮೂರನೆಯದರಲ್ಲಿ ಕೂರಿಸಿದೆ. ಅಷ್ಟು ಹೊತ್ತಿಗೆ ಪಾಯಸ ಮುಗಿದಿತ್ತು. ಅವರು ಎಲೆ ಮಡಚಿ ಎದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ಒಂದು ಅಗುಳು ಮುಟ್ಟಿಲ್ಲ.

ಹಾಗಂತ ಬರುವುದು ಬಿಟ್ಟಿರಲಿಲ್ಲ. ರೇಷ್ಮೆಗೂಡು ಮಾರಲು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಮಗಳನ್ನು ನೋಡಿಕೊಂಡು ಹೋಗುತ್ತಿದ್ದರು. ಜಗಲಿಯ ಮೇಲೆ ಕೂರುವರು. ಅರ್ಧ ಲೋಟ ನೀರು ಕುಡಿಯುವರು. "ಬರ್ತೀನಮ್ಮ" ಎಂದು ಎದ್ದು ಹೋಗುವರು. ಮಂಜುಳೆ ಒಳಗೆ ಮಾಡಿಟ್ಟ ಅಡುಗೆಯ ಮುಂದೆ ನಿಂತು, "ಅಪ್ಪ ಈ ಸಲಾನೂ ಕೈ ತೊಳೀಲಿಲ್ಲ ಕಣ್ರೀ" ಎನ್ನುವಳು. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಅವಳು ಅಷ್ಟು ಮಾತ್ರ ಹೇಳಿ ಪಾತ್ರೆಗೆ ಮುಚ್ಚಳ ಮುಚ್ಚುತ್ತಿದ್ದಳು. ಅದು ನನಗೆ ಚುಚ್ಚುತ್ತಿತ್ತು.

ಅಂಥ ಪಿಳ್ಳೇಗೌಡರು ಮಗಳ ಕೈ ಮುರಿದ ಸುದ್ದಿ ಕೇಳಿ ಕರಗಿದರು. ವರ್ಷತೊಡಕಿಗೆ ಬರುತ್ತೇನೆ, ಊಟಕ್ಕೇ ಬರುತ್ತೇನೆ ಎಂದು ಹೇಳಿ ಕಳಿಸಿದರು. ಯುಗಾದಿಯ ದಿನ ಹೋಳಿಗೆ, ಮಾರನೇ ದಿನ ವರ್ಷತೊಡಕು. ಅವತ್ತು ನಮ್ಮ ಕಡೆ ಬಾಡಿಲ್ಲದ ಮನೆ ಮನೆಯೇ ಅಲ್ಲ. ತೊಡಕಿನ ದಿನ ಹೇಗೋ ವರ್ಷವೆಲ್ಲ ಹಾಗೆ ಎನ್ನುವ ನಂಬಿಕೆ ಬೇರೆ. ಇಷ್ಟು ಸಾಲದೆಂಬಂತೆ ಹಬ್ಬದ ಹಿಂದಿನ ದಿನ ದಿಬ್ಬೂರಹಳ್ಳಿಯ ಬಸ್ಸಿನ ಕಂಡಕ್ಟರು ಒಂದು ಹುಂಜ ತಂದು ಕೊಟ್ಟರು. ಕೆಂಪು ಜುಟ್ಟು, ಹೊಳೆಯುವ ಬಾಲ. ಮಾವನವರು ಕೈಯಾರೆ ಕಾಳು ಹಾಕಿ ಒಂದೂವರೆ ವರ್ಷ ಸಾಕಿದ್ದು! ರಾಜಿಯ ಪತ್ರಕ್ಕೆ ರುಜು ಹಾಕಿ ಕಳಿಸಿದ್ದರು ಎಂದೇ ಲೆಕ್ಕ.

ಮಂಜುಳೆ ಹುಂಜದ ಬೆನ್ನು ಸವರಿ ಎಡಗೈಯಲ್ಲೇ ಕಣ್ಣು ಒರೆಸಿಕೊಂಡಳು. "ನೋಡ್ರೀ, ನಾನು ಪಕ್ಕದಾಗೇ ನಿಂತ್ಕೊಂಡು ಹೇಳ್ತೀನಿ, ನೀವು ಮಾಡಿ. ಕೋಳಿಸಾರು, ಮುದ್ದೆ. ಅಷ್ಟೇ. ಬೇರೇನೂ ಬೇಡ."

ಇಲ್ಲಿ ನನ್ನ ತಲೆ ಕೆಲಸ ಮಾಡಿತು. ಕೋಳಿಸಾರು ಮಾಡಿದರೆ ಆಗುವುದೇನು? ಮಾವನವರು ಅರವತ್ತೈದು ವರ್ಷದಿಂದ ಕೋಳಿಸಾರು ಉಂಡವರು. ಅವರ ತಾಯಿ ಮಾಡಿದ್ದು, ಅತ್ತೆಯವರು ಮಾಡಿದ್ದು, ಮಂಜುಳೆ ಮಾಡಿದ್ದು ಎಲ್ಲದರ ಪಕ್ಕ ನನ್ನದನ್ನು ಇಟ್ಟು ತೂಗುತ್ತಾರೆ. ಸೋಲು ಖಚಿತ. ಆದರೆ ಅವರು ಹುಟ್ಟಿದಾರಭ್ಯ ತಿಂದೇ ಇಲ್ಲದ ಪದಾರ್ಥ ಮಾಡಿದರೆ? ಅದು ಹೀಗಿರಬಾರದು ಎಂದು ಯಾರು ತಾನೇ ಹೇಳಬಲ್ಲರು! ಇಂಥ ಅಭೇದ್ಯವಾದ ತರ್ಕ ನನಗೆ ಅದಕ್ಕೆ ಮೊದಲೂ ಹೊಳೆದಿರಲಿಲ್ಲ, ಆಮೇಲೂ ಹೊಳೆದಿಲ್ಲ.

ಚಿಕ್ಕಬಳ್ಳಾಪುರ ಆಗತಾನೆ ಜಿಲ್ಲೆಯಾಗಿತ್ತು. ಹುಂಜ ಬಂದ ದಿನವೇ ಸ್ಕೂಲಿನ ಕೆಲಸಕ್ಕೆ ಅಲ್ಲಿನ ಆಫೀಸಿಗೆ ಹೋದವನು ಬಸ್‌ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಕೋಳಿಯ ಅಡುಗೆಗಳನ್ನೆಲ್ಲ ಜಾಲಾಡಿದೆ. ಒಂದು ಚಿತ್ರದ ಮುಂದೆ ಕಣ್ಣು ನಿಂತಿತು. ಕಬ್ಬಿಣದ ಪಾತ್ರೆ, ಅದರಲ್ಲಿ ಕಂದು ಬಣ್ಣದ ಗಟ್ಟಿ ಸಾರು, ಕೋಳಿ, ಸಾಸೇಜು, ಬೆಂಡೆಕಾಯಿ, ಪಕ್ಕದಲ್ಲಿ ಅನ್ನ. ಹೆಸರು ಗಂಬೋ. ಅಮೆರಿಕದ ದಕ್ಷಿಣದ ಕಡೆಯ ಜನ ಹಬ್ಬಕ್ಕೆ ಮಾಡುವ, ಹೊಟ್ಟೆ ತುಂಬ ಉಣ್ಣುವ ಊಟವಂತೆ. ಬೆಂಡೆಕಾಯಿ ಇದೆ, ಅನ್ನ ಇದೆ, ಇನ್ನು ಪರಕೀಯವಾದದ್ದು ಏನುಂಟು? ಪ್ರಿಂಟ್ ತೆಗೆಸಿಕೊಂಡು ಜೇಬಿನಲ್ಲಿಟ್ಟುಕೊಂಡೆ.

"ಗಂಬೋನಾ?" ಎಂದಳು ಮಂಜುಳೆ. "ನಮ್ಮಪ್ಪನಿಗಾ?"

"ನಿಮ್ಮಪ್ಪನ ಹುಂಜಕ್ಕೆ ಅಂತಾರಾಷ್ಟ್ರೀಯ ಮರ್ಯಾದೆ ಕಣೇ."

"ರೀ, ಕೈ ಮುಗೀತೀನಿ" ಎಂದಳು. ಪ್ಲಾಸ್ಟರ್ ಇದ್ದುದರಿಂದ ಮುಗಿಯಲು ಆಗಲಿಲ್ಲ. ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಸಾಮಾನಿನ ಪಟ್ಟಿಯಲ್ಲಿ ಸೆಲರಿ ಎಂಬ ಸೊಪ್ಪಿನ ಹೆಸರಿತ್ತು. ಶಿಡ್ಲಘಟ್ಟದ ಸಂತೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿತ್ರದಲ್ಲಿ ಉದ್ದ ದಂಟು ಕಾಣುತ್ತಿತ್ತು, ದಂಟಿನ ಸೊಪ್ಪು ತಂದೆ. ಎಣ್ಣೆಗೆ ಚಿಂತಾಮಣಿಯ ಕಡಲೆಕಾಯಿ ಎಣ್ಣೆಯೇ ಇತ್ತು. ಉಳಿದದ್ದು ಸಾಸೇಜು. ಅದು ಬೆಂಗಳೂರಿಗೆ ಹೋಗದೆ ಸಿಗುವುದಿಲ್ಲ ಎಂದರು. ಸಾಸೇಜು ಎಂದರೆ ಏನು? ಕರುಳಿನೊಳಗೆ ತುಂಬಿದ ಕೈಮಾ. ಕರುಳೂ ಇದೆ, ಕೈಮಾವೂ ಇದೆ, ತುಂಬಲು ಮೇಷ್ಟ್ರೂ ಇದ್ದಾರೆ!

ತೊಡಕಿನ ಬೆಳಿಗ್ಗೆ ಹುಂಜವನ್ನು ಚೀಲದಲ್ಲಿ ಹಾಕಿಕೊಂಡು ಮಟನ್ ಅಂಗಡಿಯ ಸಾಲಿನಲ್ಲಿ ನಿಂತೆ. ಊರಿಗೆ ಊರೇ ಅಲ್ಲಿತ್ತು. ನನ್ನ ಸರದಿ ಬಂದಾಗ ಅಂಗಡಿಯವನು, "ಬೋಟೀನಾ ಸಾರ್? ಕೊಯ್ದು ಕೊಡ್ಲಾ?" ಎಂದ.

"ಕೊಯ್ಯಬೇಡ. ಕರುಳು ಕೊಳವೆಯ ರೂಪದಲ್ಲೇ ಬೇಕು. ತೂತು ಇರಬಾರದು."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರ ನೋಟದಲ್ಲಿ ಗೌರವವಿದೆ ಎಂದುಕೊಂಡೆ.

ಹುಂಜ ಕೊಯ್ಯಿಸಿ, ಕೈಮಾ ತೆಗೆದುಕೊಂಡು ಮನೆಗೆ ಬಂದು ಕರುಳನ್ನು ಏಳು ನೀರಿನಲ್ಲಿ ತೊಳೆದೆ. ಹೊಸ ಆಲಿಕೆ ಇಟ್ಟು ಕೈಮಾ ತುಂಬಲು ಕೂತೆ. ಮೊದಲನೆಯದು ಹರಿಯಿತು. ಎರಡನೆಯದು ಕೈಯಿಂದ ಜಾರಿ ಬಚ್ಚಲ ತೂಬಿನ ಕಡೆ ಹೊರಟಿತು. ಮೂರನೆಯದಕ್ಕೆ ಗಾಳಿ ತುಂಬಿಕೊಂಡು, ಒತ್ತಿದಾಗ ಆಲಿಕೆಯೊಳಗಿನ ಕೈಮಾವೆಲ್ಲ ಚಿಮ್ಮಿ ಗೋಡೆಯ ಮೇಲಿನ ಯುಗಾದಿ ಕ್ಯಾಲೆಂಡರಿಗೆ ಹತ್ತಿತು. ಆದರೂ ಛಲ ಬಿಡದೆ ಎಂಟು ಸಾಸೇಜು ಸಿದ್ಧ ಮಾಡಿದೆ. ತುದಿ ಕಟ್ಟಲು ದಾರ ಬೇಕಲ್ಲ? ಹೊಲಿಗೆ ದಾರದ ಬಣ್ಣ ಬಿಟ್ಟೀತು, ಸಣಬು ಎದ್ದು ಕಂಡೀತು. ಪಕ್ಕದ ಮನೆಯ ಚಾಂದ್ ಪಾಷಾ ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ಗೋಡೆಯಾಚೆ ಕೂಗಿದೆ.

"ಚಾಂದ್ ಭಾಯಿ, ಒಂದು ನಾಲ್ಕು ಮಾರು ನೂಲು ಕೊಡ್ತೀರಾ?"

"ತಗೊಳ್ಳಿ ಮೇಷ್ಟ್ರೇ, ಅದಕ್ಕೇನಂತೆ. ಇದು ಹಸೀ ನೂಲು. ಯಾತಕ್ಕೆ?"

"ಒಂದು ಪ್ರಯೋಗ ಇದೆ."

ಮೇಷ್ಟ್ರು ಪ್ರಯೋಗ ಎಂದ ಮೇಲೆ ಅವರು ಪಾಪ ಏನು ಕೇಳುತ್ತಾರೆ? ಕೊಟ್ಟರು. ರೇಷ್ಮೆ ಎಳೆಯಷ್ಟು ಗಟ್ಟಿ ಇನ್ನೊಂದಿಲ್ಲ ಎಂದು ಮಕ್ಕಳಿಗೆ ವರ್ಷವರ್ಷ ಹೇಳುವವನು ನಾನು. ಹದಿನಾರು ಗಂಟು ಬಿಗಿದೆ.

ಹುಂಜದ ಚೂರುಗಳನ್ನು ಇನ್ನೊಂದು ಒಲೆಯ ಮೇಲೆ ಬೇಯಲು ಇಟ್ಟೆ. ಇನ್ನು ಮುಖ್ಯ ಘಟ್ಟ. ಗಂಬೋದ ಜೀವ ಇರುವುದೇ ಹುರಿದ ಹಿಟ್ಟಿನಲ್ಲಂತೆ. ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ನಲವತ್ತು ನಿಮಿಷ ತಿರುವಬೇಕು. ಬೆಳ್ಳಗಿದ್ದದ್ದು ಚಾಕೊಲೇಟಿನ ಬಣ್ಣಕ್ಕೆ ಬರಬೇಕು. ಒಂದು ಕ್ಷಣ ಬಿಟ್ಟರೂ ಸೀದು ಹೋಗುತ್ತದೆ, ಎಚ್ಚರ ಎಂದು ಬರೆದಿತ್ತು. ಹತ್ತು ನಿಮಿಷ ತಿರುವಿದೆ. ಭುಜ ನೋಯಿತು, ಹಿಟ್ಟು ಬೆಳ್ಳಗೇ ಇತ್ತು. ಬೆವರು ಒರೆಸಿಕೊಳ್ಳಲು ತಿರುಗಿದೆ, ಸೀದುಹೋಯಿತು. ಗಂಟೆ ನೋಡಿದೆ, ಹತ್ತೂವರೆ. ಮಾವನವರ ಬಸ್ಸು ಹನ್ನೆರಡಕ್ಕೆ.

ಆಗ ನನ್ನ ಕಣ್ಣು ಅಟ್ಟದ ಕೆಳಗಿನ ರಾಗಿ ಹಿಟ್ಟಿನ ಡಬ್ಬದ ಮೇಲೆ ಬಿತ್ತು. ಮುಚ್ಚಳ ತೆಗೆದು ನೋಡಿದೆ. ಅದೇ ಬಣ್ಣ! ಅಮೆರಿಕದವರು ನಲವತ್ತು ನಿಮಿಷ ಬೆವರು ಸುರಿಸಿ ತರುವ ಬಣ್ಣವನ್ನು ನಮ್ಮ ರಾಗಿ ಹೊಲದಿಂದಲೇ ತಂದುಬಿಟ್ಟಿದೆ. ಪಾಪ, ಆ ಜನಕ್ಕೆ ರಾಗಿ ಗೊತ್ತಿಲ್ಲ. ಅವರಿಗೊಂದು ಪತ್ರ ಬರೆಯಬೇಕು ಎಂದುಕೊಂಡೆ. ಒಂದೂವರೆ ಲೋಟ ರಾಗಿ ಹಿಟ್ಟನ್ನು ಬಿಸಿ ಎಣ್ಣೆಗೆ ಸುರಿದು, ಎರಡು ಸಲ ತಿರುವಿ, ಕೋಳಿ ಬೆಂದ ನೀರು ಹೊಯ್ದೆ. ಈರುಳ್ಳಿ, ದಪ್ಪ ಮೆಣಸಿನಕಾಯಿ, ದಂಟು, ಬೆಂಡೆಕಾಯಿ, ಹುಂಜ, ಸಾಸೇಜು ಎಲ್ಲವನ್ನೂ ಹಾಕಿ ಮುಚ್ಚಳ ಮುಚ್ಚಿದೆ.

ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಸೌಟು ನಿಂತಿತ್ತು. ಒರಗಿ ನಿಂತದ್ದಲ್ಲ, ನಡುಮಧ್ಯದಲ್ಲಿ ನೆಟ್ಟಗೆ!

"ಏನ್ರೀ ಅದು, ಮುದ್ದೆ ಆಗ್ತಾ ಐತೆ?" ಎಂದಳು ಬಾಗಿಲಿಗೆ ಬಂದ ಮಂಜುಳೆ.

"ಸ್ವಲ್ಪ ನೀರು ಕಡಿಮೆ" ಎಂದೆ. ಒಂದು ಚೆಂಬು ನೀರು ಹೊಯ್ದೆ. ಹಿಟ್ಟು ಗಂಟುಗಂಟಾಯಿತು. ಗಂಟು ಒಡೆಯಲು ತಿರುವಿದೆ. ಬೆಂಡೆಕಾಯಿ ನುರಿದು ಲೋಳೆ ಬಿಟ್ಟಿತು. ಲೋಳೆ ಸಡಿಲಾಗಲೆಂದು ಇನ್ನೊಂದು ಚೆಂಬು ಹೊಯ್ದೆ. ಪಾತ್ರೆ ತುಂಬಿತು, ದೊಡ್ಡ ಪಾತ್ರೆಗೆ ಬಗ್ಗಿಸಿದೆ. ರಾಗಿ ಆ ನೀರನ್ನೂ ಕುಡಿದು ಮತ್ತೆ ಗಟ್ಟಿಯಾಯಿತು. ಮತ್ತೆ ನೀರು, ಮತ್ತೆ ದೊಡ್ಡ ಪಾತ್ರೆ. ಹನ್ನೊಂದೂವರೆಗೆ ಮೂರು ಜನರ ಊಟ ಗೃಹಪ್ರವೇಶದ ಮೂರು ಪಂಕ್ತಿಗೂ ಸಾಲುವಷ್ಟಾಗಿತ್ತು.

ಅಷ್ಟರಲ್ಲಿ ಒಂದು ವಾಸನೆ ಬಂತು. ಶಿಡ್ಲಘಟ್ಟದಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ವಾಸನೆ. ನೂಲು ತೆಗೆಯುವ ಮನೆಗಳ ಮುಂದೆ ಹಾದುಹೋಗುವಾಗ ಬರುತ್ತದಲ್ಲ, ಗೂಡು ಬೇಯುವ ವಾಸನೆ. ಚಾಂದ್ ಭಾಯಿಯ ಮನೆ ಕಡೆಯ ಕಿಟಕಿ ಮುಚ್ಚಿ ಬಂದೆ. ವಾಸನೆ ಹೋಗಲಿಲ್ಲ. ಬರುತ್ತಿದ್ದದ್ದು ನನ್ನ ಪಾತ್ರೆಯಿಂದ!

ಬಗ್ಗಿ ನೋಡಿದೆ. ಎಂಟು ಸಾಸೇಜುಗಳ ಪೈಕಿ ಒಂದೂ ಉಳಿದಿರಲಿಲ್ಲ. ಕೈಮಾ ಸಾರಿನಲ್ಲಿ ಕರಗಿತ್ತು. ಖಾಲಿ ಕರುಳುಗಳು ಬಾಯಿ ತೆರೆದುಕೊಂಡು ತೇಲುತ್ತಿದ್ದವು. ಗಂಟುಗಳು? ಹಸಿ ರೇಷ್ಮೆಯ ಎಳೆಯ ಮೇಲೆ ಅಂಟು ಇರುತ್ತದೆ, ಕುದಿಯುವ ನೀರಿನಲ್ಲಿ ಆ ಅಂಟು ಕರಗಿ ಎಳೆ ನುಣುಪಾಗಿ ಜಾರುತ್ತದೆ. ಊರಿಗೆ ಊರೇ ಇದರಿಂದ ಅನ್ನ ತಿನ್ನುತ್ತಿದೆ. ಒಂಬತ್ತನೇ ತರಗತಿಗೆ ಎರಡು ಅಂಕಕ್ಕೆ ನಾನೇ ಕೊಡುವ ಪ್ರಶ್ನೆ. ತಪ್ಪು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಿಜಕ್ಕೂ ಅಳು ಬಂತು. ಮಂಜುಳೆ ಬಂದು ಪಾತ್ರೆಯೊಳಗೆ ನೋಡಿ, ಒಂದು ಹುಂಜದ ಚೂರನ್ನು ಬೆರಳಿನಿಂದ ಅದುಮಿದಳು. ಅದು ಅದುಮಿಸಿಕೊಳ್ಳಲಿಲ್ಲ.

"ನಲವತ್ತೈದು ನಿಮಿಷ ಅಂತ ಬರೆದಿತ್ತು ಕಣೇ" ಎಂದೆ.

"ಆ ಹುಂಜಕ್ಕೆ ಇಂಗ್ಲಿಷ್ ಬರತ್ತೇನ್ರೀ?" ಎಂದಳು. ಗಡಿಯಾರ ನೋಡಿದಳು. "ಕುಕ್ಕರಿಗಾದ್ರೂ ಹಾಕಣ ಅಂದ್ರೆ ಟೈಮೇ ಇಲ್ಲವಲ್ಲಪ್ಪಾ."

ಹೊರಗೆ ಕೆಮ್ಮಿದ ಸದ್ದಾಯಿತು. ಪಿಳ್ಳೇಗೌಡರು ಬಂದಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲು. ಜಗಲಿಯಲ್ಲಿ ಕೂರಲಿಲ್ಲ. ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದರು. ಆಮೇಲೆ ನಿಧಾನವಾಗಿ, ಮೊಣಕೈವರೆಗೂ ಕೈ ತೊಳೆದರು. ಬಾಗಿಲಲ್ಲಿ ನಿಂತ ಮಂಜುಳೆ ನನ್ನ ತೋಳು ಹಿಡಿದು, "ಅಪ್ಪ ಕೈ ತೊಳ್ಕೊಂಡ್ರು ಕಣ್ರೀ" ಎಂದು ಪಿಸುಗುಟ್ಟಿದಳು. ಮೂರು ವರ್ಷ ಕಾದ ಮಾತು ಅದು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಎಲೆ ಹಾಕಿದೆವು. ಅನ್ನ ಬಡಿಸಿದೆ. ಅದರ ಮೇಲೆ ಗಂಬೋ ಹಾಕಲು ಹೋದೆ. ಅದು ಬೀಳಲಿಲ್ಲ. ಸೌಟು ಒದರಿದೆ. ಬಿದ್ದದ್ದು ಬಿತ್ತು, ಲೋಳೆ ಮಾತ್ರ ಸೌಟಿನಿಂದ ಎಲೆಯವರೆಗೂ ಎಳೆಯಾಗಿ ನಿಂತಿತು. ನಾನು ಹಿಂದೆ ಸರಿದೆ, ಎಳೆಯೂ ನನ್ನ ಜೊತೆ ಬಂತು. ಬಾಗಿಲವರೆಗೂ ಬಂತು!

ಮಾವನವರು ಒಂದು ತುಂಡು ಕೋಳಿ ಬಾಯಿಗಿಟ್ಟು ಅಗಿದರು. ಮತ್ತೆ ಅಗಿದರು. ದವಡೆ ಬದಲಾಯಿಸಿದರು. ಕೊನೆಗೆ ತೆಗೆದು ಎಲೆಯ ಅಂಚಿಗಿಟ್ಟರು.

"ಏಮಯ್ಯಾ ಮೇಷ್ಟ್ರೇ, ಇದು ನಾನು ಕಳಿಸಿದ ಹುಂಜಾನೇನಾ?"

"ಹೌದು ಮಾವ."

"ಬದುಕಿದ್ದಾಗ ಇದಕ್ಕಿಂತ ಮೆತ್ತಗಿತ್ತು."

ಆಮೇಲೆ ಅನ್ನ ಕಲಸಿ ಒಂದು ತುತ್ತು ಇಟ್ಟುಕೊಂಡರು. ನುಂಗಲು ಹೋಗಿ ನಿಲ್ಲಿಸಿದರು. ಎರಡು ಬೆರಳು ಬಾಯೊಳಗೆ ಹಾಕಿ ಏನನ್ನೋ ಹಿಡಿದು ಎಳೆದರು. ಎಳೆ ಬಂತು. ಇನ್ನೂ ಎಳೆದರು, ಇನ್ನೂ ಬಂತು. ಒಂದು ಗೇಣು, ಒಂದು ಮೊಳ, ಎರಡು ಮೊಳ. ಮಂಜುಳೆ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ನಲವತ್ತು ವರ್ಷ ಊರಿಗೆಲ್ಲ ಗೂಡು ಕೊಟ್ಟ ಮನುಷ್ಯ ತನ್ನ ಬಾಯಿಂದಲೇ ನೂಲು ತೆಗೆಯುತ್ತಿದ್ದರು. ಕೊನೆ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಬಿಳೀ ಗೂಡಿನ ನೂಲು" ಎಂದರು. "ಒಳ್ಳೇ ನೂಲು."

ಕೋಪಿಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎಲೆಯನ್ನೂ ಮಡಚಲಿಲ್ಲ. "ಕೂತ್ಕೋಪ್ಪಾ ಇಲ್ಲಿ. ಇದನ್ನ ಹೆಂಗೆ ಮಾಡ್ದೆ, ಹೇಳು" ಎಂದರು. ನಾನು ಗೋಡೆಗೆ ಒರಗಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪ್ರಿಂಟು, ದಂಟು, ಕರುಳು, ಆಲಿಕೆ, ನೂಲು. ಅವರು ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು.

"ರಾಗಿ ಹಿಟ್ಟು ಯಾಕಪ್ಪಾ ಹಾಕ್ದೆ?"

"ಬಣ್ಣ ಮೊದಲೇ ಇತ್ತು, ಮಾವ."

ಪಿಳ್ಳೇಗೌಡರು ನನ್ನನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಗೂಡಿನಲ್ಲಿ ಸರಿಯಾದದ್ದು ಯಾವುದು, ಪೊಳ್ಳು ಯಾವುದು ಎಂದು ಅಲುಗಾಡಿಸಿ ನೋಡುತ್ತಾರಲ್ಲ, ಹಾಗೆ. ಅವರ ಮುಖದ ಗಂಟು ಒಂದೊಂದಾಗಿ ಬಿಚ್ಚುವುದು ನನಗೆ ಕಾಣುತ್ತಿತ್ತು. ಆಮೇಲೆ ಮಗಳ ಕಡೆ ತಿರುಗಿದರು.

"ಅಮ್ಮಾ ಮಂಜುಳಾ, ಅವತ್ತು ಗೃಹಪ್ರವೇಶದಾಗೆ ನನ್ನ ಮೂರನೇ ಪಂಕ್ತೀಲಿ ಕೂರಿಸ್ದ ಅಂತ ಇಷ್ಟು ದಿನ ಹಟ ಇಟ್ಕೊಂಡಿದ್ದೆ ಕಣಮ್ಮ. ಓದ್ದೋನು, ಸೊಕ್ಕು, ಬೇಕೂಂತ್ಲೇ ಮಾಡ್ದ ಅಂದ್ಕೊಂಡಿದ್ದೆ." ನನ್ನ ಕಡೆ ಒಂದು ಸಲ ನೋಡಿ ನಿಟ್ಟುಸಿರು ಬಿಟ್ಟರು. "ಇಲ್ಲ ಕಣಮ್ಮ. ಪಾಪ, ಅವನಿಗೆ ಬರೋದೇ ಅಷ್ಟು."

ಮಂಜುಳೆ ಅಳುತ್ತಾ ನಗುತ್ತಾ ಒಳಗೆ ಓಡಿದಳು. ಮೊಸರು ತಂದಳು. ಎಡಗೈಯಲ್ಲಿ ಬಡಿಸುವುದು ಹೇಗೆಂದು ಎಲೆಯ ಮುಂದೆ ಅಳುಕುತ್ತಾ ನಿಂತಳು.

"ಎಡಗೈ ಆದ್ರೇನಮ್ಮ, ಇಕ್ಕು. ನೀನು ಇಕ್ಕಿದ್ರೆ ಸಾಕು" ಎಂದರು ಮಾವ. ಊರೆಲ್ಲ ಬಾಡೂಟ ಉಣ್ಣುವ ದಿನ ಅವರು ನಮ್ಮ ಮನೆಯಲ್ಲಿ ಮೊಸರನ್ನ ಉಂಡರು. ಎರಡು ಸಲ ಹಾಕಿಸಿಕೊಂಡು ಉಂಡರು. ಹೋಗುವಾಗ ನನ್ನ ಬೆನ್ನು ತಟ್ಟಿ, "ಹೆದರ್ಬೇಡಪ್ಪಾ, ಇನ್ನು ವಾರಕ್ಕೊಂದು ಸಲ ನಾನೇ ಬರ್ತೀನಿ, ಏನಾದ್ರೂ ಮಾಡಿಕ್ಕಿ ಹೋಗ್ತೀನಿ" ಎಂದರು. ಹಸುಗೂಸಿಗೆ ಹೇಳಿದ ಹಾಗೆ ಹೇಳಿದರು.

ಮಂಜುಳೆಗೆ ಅಪ್ಪ ಸಿಕ್ಕರು. ಅದರಲ್ಲಿ ನನಗೆ ಸಂತೋಷವೇ. ಆದರೆ ಮೂರು ವರ್ಷ ದಿಬ್ಬೂರಹಳ್ಳಿಯಲ್ಲಿ ನನ್ನನ್ನು ಸೊಕ್ಕಿನ ಮನುಷ್ಯ ಎಂದು ಕರೆಯುತ್ತಿದ್ದರು. ಒಂದು ಊರು ಸೊಕ್ಕಿನವನು ಎನ್ನಬೇಕಾದರೆ ಸೊಕ್ಕಲು ಅವನಲ್ಲಿ ಏನೋ ಇದೆ ಎಂದು ನಂಬಿರಬೇಕು ತಾನೇ? ಆ ನಂಬಿಕೆಯೂ ಅವತ್ತು ಮಧ್ಯಾಹ್ನ ಹೋಯಿತು.